ಲಿಂಗನಮಕ್ಕಿ ತುಂಬದ ವರ್ಷ ರಾಯಚೂರಿನಲ್ಲಿ ಏನಾಗುತ್ತದೆ

(ಸಾಗರದಲ್ಲಿ ಅಡಿಕೆ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಲ್ಲಿದ್ದಲಿನ ಬಗ್ಗೆ ಸಾಗರದಲ್ಲಿ ಯಾಕೆ ಮಾತು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಮ್ಮ ಕಡೆ ಕಲ್ಲಿದ್ದಲಿನ ಗಣಿ ಇಲ್ಲ, ಅದನ್ನು ಉರಿಸಿ ಕರೆಂಟ್ ಮಾಡುವ ದೊಡ್ಡ ಸ್ಥಾವರವೂ ಇಲ್ಲ. ನಮ್ಮದು ನೀರಿನ ಕರೆಂಟಿನ ಸೀಮೆ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಮೇಲೆ ಬಂದ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು, ಒಟ್ಟು 1,035 ಮೆಗಾವ್ಯಾಟ್. ಒಂದು ಕಾಲದಲ್ಲಿ ರಾಜ್ಯ ಹೆಚ್ಚುಕಡಿಮೆ ಈ ಕಣಿವೆಯ ಮೇಲೇ ನಿಂತಿತ್ತು. ಅದಕ್ಕೆ ಬೆಲೆ ಕೊಟ್ಟವರು ಯಾರು ಎಂದು ಈ ಊರಿನಲ್ಲಿ ನಾನು ಹೇಳಬೇಕಾಗಿಲ್ಲ. ಮುಳುಗಡೆಯಾದ ಊರುಗಳ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೇ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಸರಿಯಾಗಿ ಸಿಕ್ಕಿಲ್ಲ.

ಇಷ್ಟೆಲ್ಲ ಆದ ಮೇಲೂ ಕಲ್ಲಿದ್ದಲು ನಮ್ಮ ಮನೆ ಬಾಗಿಲಿಗೆ ಬಂದಿದೆ. ಹೇಗೆ ಬಂತು ಅನ್ನುವುದೇ ಇವತ್ತಿನ ನನ್ನ ಮಾತು.

2023ನ್ನು ನೆನಪಿಸಿಕೊಳ್ಳಿ. ಜೂನ್ ತಿಂಗಳು ಒಣಗಿಯೇ ಹೋಯಿತು. ಜುಲೈಯಲ್ಲಿ ಸ್ವಲ್ಪ ಮಳೆ ಬಂತು. ಆಗಸ್ಟ್ ಕೈಕೊಟ್ಟಿತು. ಇಡೀ ದೇಶದ ಲೆಕ್ಕದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರು. ಲಿಂಗನಮಕ್ಕಿ ತುಂಬಲಿಲ್ಲ. ಅಕ್ಟೋಬರ್ ಹೊತ್ತಿಗೆ ಎರಡು ಕಷ್ಟ ಒಟ್ಟಿಗೇ ಬಂದವು. ಮಳೆ ಇಲ್ಲದ್ದರಿಂದ ಎಲ್ಲ ಕಡೆ ಪಂಪ್‌ಸೆಟ್ ಓಡಿಸಬೇಕಾಯಿತು, ಕರೆಂಟಿನ ಬೇಡಿಕೆ ಏರಿತು. ಅದೇ ಮಳೆ ಇಲ್ಲದ್ದರಿಂದ ನೀರಿನ ಕರೆಂಟ್ ಇಳಿಯಿತು. ಮಧ್ಯದ ಕೊರತೆ ತುಂಬಲು ಉಳಿದ ದಾರಿಗಳಲ್ಲಿ ದೊಡ್ಡದು ಕಲ್ಲಿದ್ದಲು. ರಾಜ್ಯದ ಕಲ್ಲಿದ್ದಲಿನ ಸ್ಥಾವರಗಳೆಂದರೆ ರಾಯಚೂರಿನ 1,720 ಮೆಗಾವ್ಯಾಟ್, ಬಳ್ಳಾರಿಯ 1,700, ಯರಮರಸ್‌ನ 1,600.

ಸ್ವಲ್ಪ ಲೆಕ್ಕ ಹಾಕೋಣ, ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ಕರೆಂಟ್ ಮಾಡಲು ಸುಮಾರು 700 ಗ್ರಾಂ ಬೇಕು. ಆಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಹತ್ತಿರಹತ್ತಿರ 1 ಕಿಲೋ. ಒಳ್ಳೆಯ ಮಳೆಯಾದ ವರ್ಷ ಶರಾವತಿ ವಿದ್ಯುದಾಗಾರ ಸುಮಾರು 500 ಕೋಟಿ ಯೂನಿಟ್ ಕೊಡಬಲ್ಲದು. ನೀರು ಕಾಲು ಭಾಗ ಕಡಿಮೆ ಬಂತು ಅಂತಿಟ್ಟುಕೊಳ್ಳಿ. 125 ಕೋಟಿ ಯೂನಿಟ್ ಖೋತಾ. ಅಷ್ಟನ್ನೂ ಕಲ್ಲಿದ್ದಲಿನಿಂದ ತುಂಬಿಸಿದರೆ ಸುಮಾರು 9 ಲಕ್ಷ ಟನ್ ಉರಿಸಬೇಕು. ಮೇಲೆ ಹೋಗುವ ಅನಿಲ 12 ಲಕ್ಷ ಟನ್ ದಾಟುತ್ತದೆ. ಒಂದೇ ಕಣಿವೆಯಲ್ಲಿ ಮಳೆ ಕಾಲು ಭಾಗ ಕಡಿಮೆಯಾದದ್ದಕ್ಕೆ ಇಷ್ಟು.

ನಮ್ಮ ತೋಟದ ಅಳತೆಯಲ್ಲಿ ಬೇಕಾದರೆ ಇನ್ನೂ ಸುಲಭ. 5 ಎಚ್‌ಪಿ ಮೋಟಾರು ಒಂದು ತಾಸು ಓಡಿದರೆ ಸುಮಾರು 4 ಯೂನಿಟ್. ಆ ಕರೆಂಟ್ ಕಲ್ಲಿದ್ದಲಿನದಾಗಿದ್ದರೆ ಎಲ್ಲೋ ದೂರದಲ್ಲಿ ಮೂರು ಕಿಲೋ ಹತ್ತಿರ ಕಲ್ಲಿದ್ದಲು ಸುಟ್ಟಿರುತ್ತದೆ. ಇಲ್ಲಿ ನಮಗೆ ಕಾಣುವುದು ಪೈಪಿನ ತುದಿಯಲ್ಲಿ ಬೀಳುವ ನೀರು ಮಾತ್ರ.

ಸುಟ್ಟದ್ದು ಎಲ್ಲಿಗೆ ಹೋಗುತ್ತದೆ? ಇಲ್ಲಿ ಸ್ವಲ್ಪ ನಿಲ್ಲಬೇಕು.

ಭಾರತದ ಕಲ್ಲಿದ್ದಲಿನ ಬಹುಪಾಲು 25ರಿಂದ 30 ಕೋಟಿ ವರ್ಷ ಹಿಂದಿನ ಕಾಡು. ಜೌಗು ನೆಲದಲ್ಲಿ ಬಿದ್ದು, ಪೂರ್ತಿ ಕೊಳೆಯದೆ, ಮಣ್ಣಿನಡಿ ಒತ್ತಿ ಹೋದ ಗಿಡಮರ. ಪೆಟ್ರೋಲು, ಡೀಸೆಲ್ಲು ಬಹುತೇಕ ಹಳೆಯ ಸಮುದ್ರಗಳ ಸಣ್ಣ ಜೀವಿಗಳಿಂದ ಆದದ್ದು. ಆ ಜೀವಿಗಳು ಗಾಳಿಯಿಂದ ತೆಗೆದುಕೊಂಡ ಇಂಗಾಲ ಕೋಟಿಗಟ್ಟಲೆ ವರ್ಷ ನೆಲದೊಳಗೆ ಉಳಿಯಿತು. ನಾವು ಅದನ್ನು ಇನ್ನೂರು ಚಿಲ್ಲರೆ ವರ್ಷಗಳಲ್ಲಿ ತೆಗೆದು ಸುಡುತ್ತಿದ್ದೇವೆ. ಸುಟ್ಟಾಗ ಇಂಗಾಲದ ಒಂದು ಪರಮಾಣುವಿಗೆ ಆಮ್ಲಜನಕದ ಎರಡು ಸೇರುತ್ತವೆ. 12 ಗ್ರಾಂ ಇಂಗಾಲ 44 ಗ್ರಾಂ ಅನಿಲವಾಗುತ್ತದೆ. ಹಾಗಾಗಿಯೇ ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಇದನ್ನು ಹೇಳಿದಾಗ ತುಂಬಾ ಜನ ನಂಬುವುದಿಲ್ಲ. ತೂಕ ಹೆಚ್ಚಾಗುವುದು ಹೇಗೆ ಎಂದು ಕೇಳುತ್ತಾರೆ. ಹೆಚ್ಚಾದ ತೂಕ ಗಾಳಿಯ ಆಮ್ಲಜನಕದ್ದು. ಬೈಕಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಹೋಗಿ ಬಂದರೆ ಸುಮಾರು 3 ಲೀಟರ್. ಹೊರಬಿಟ್ಟದ್ದು 7 ಕಿಲೋ.

ಈ ಅನಿಲ ಬಿಸಿಲನ್ನು ಒಳಗೆ ಬಿಡುತ್ತದೆ. ಆದರೆ ಕಾದ ನೆಲ ಮತ್ತು ಸಮುದ್ರದಿಂದ ಹೊರಹೋಗುವ ಶಾಖದಲ್ಲಿ ಒಂದು ಪಾಲನ್ನು ಹೀರಿ ವಾಪಸ್ ಕೆಳಕ್ಕೂ ಕಳಿಸುತ್ತದೆ. ಇದು ನಿನ್ನೆ ಮೊನ್ನೆ ಕಂಡುಕೊಂಡ ವಿಷಯ ಏನೂ ಅಲ್ಲ. 1856ರಲ್ಲಿ ಅಮೆರಿಕದ ಯುನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು ನೋಡಿದಳು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಜಾಸ್ತಿ ಕಾಯಿತು. 1896ರಲ್ಲಿ ಸ್ವೀಡನ್ನಿನ ಅರ‍್ಹೇನಿಯಸ್, ಗಾಳಿಯಲ್ಲಿ ಈ ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಕಾಯಬಹುದು ಎಂದು ಕೈಯಲ್ಲೇ ಲೆಕ್ಕ ಹಾಕಿದ. 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ನಡೆಯುತ್ತಿದೆ. ಚಾರ್ಲ್ಸ್ ಕೀಲಿಂಗ್ ಅದನ್ನು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಕೈಗಾರಿಕೆಗಳು ಬರುವ ಮೊದಲು ಇದ್ದದ್ದು 280.

ಇದು ಜ್ವಾಲಾಮುಖಿಯದ್ದೋ ಸಮುದ್ರದ್ದೋ ಇರಬಹುದಲ್ವಾ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಅದಕ್ಕೆ ಗಟ್ಟಿ ಉತ್ತರವೂ ಇದೆ. ಜೀವ ಇರುವ ಗಿಡದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪ ಚೂರು ಇರುತ್ತದೆ. ಗಿಡ ಸತ್ತ ಮೇಲೆ ಅದು ಪ್ರತಿ 5,730 ವರ್ಷಕ್ಕೆ ಅರ್ಧದಷ್ಟಾಗುತ್ತಾ ಹೋಗುತ್ತದೆ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಅದು ಉಳಿದೇ ಇಲ್ಲ. ಗಾಳಿಗೆ ಸೇರುತ್ತಿರುವುದು ಅಂಥ ಹಳೆಯ ಇಂಗಾಲ ಎಂದು ಅಳತೆಯಲ್ಲಿ ಕಾಣುತ್ತದೆ. ಹಾಗೆಯೇ ಇಂಗಾಲ-13 ಎಂಬ ಇನ್ನೊಂದು ರೂಪದ ಪಾಲೂ ಇಳಿಯುತ್ತಿದೆ, ಯಾಕೆಂದರೆ ಗಿಡದಿಂದ ಆದ ಇಂಧನದಲ್ಲಿ ಅದು ಕಡಿಮೆ. ಜ್ವಾಲಾಮುಖಿಗಳು ವರ್ಷಕ್ಕೆ ಬಿಡುವುದು ಮನುಷ್ಯ ಬಿಡುವುದರ ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲ.

ಇನ್ನು ಮಳೆಯ ವಿಷಯ.

ಗಾಳಿ 1 ಡಿಗ್ರಿ ಜಾಸ್ತಿ ಬೆಚ್ಚಗಾದರೆ ಸುಮಾರು 7 ಶೇಕಡಾ ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಭೂಮಿಯ ಸರಾಸರಿ ಉಷ್ಣತೆ ಈಗಾಗಲೇ 1 ಡಿಗ್ರಿಗಿಂತ ಜಾಸ್ತಿ ಏರಿದೆ. 2024ರ ಒಂದು ವರ್ಷವನ್ನೇ ತೆಗೆದುಕೊಂಡರೆ ಏರಿಕೆ ಸುಮಾರು ಒಂದೂವರೆ ಡಿಗ್ರಿ. ಹೀಗೆ ಹೆಚ್ಚಾದ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲು ಸಮುದ್ರಕ್ಕೆ ಹೋಗಿದೆ. ನಮಗೆ ಮಳೆ ತರುವ ಅರಬ್ಬಿ ಸಮುದ್ರವೂ ಕಾದಿದೆ. ಅಲ್ಲಿಂದ ಬರುವ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಸುರಿಯುತ್ತದೆ, ಆಗುಂಬೆಯಲ್ಲಿ ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರ್ ಆಸುಪಾಸು ಬೀಳುವುದು ಹಾಗೆಯೇ. ಗಾಳಿಯಲ್ಲಿ ತೇವ ಜಾಸ್ತಿ ಆದಾಗ ಸುರಿಯುವ ದಿನ ಒಂದೇ ಸಮನೆ ಸುರಿಯುತ್ತದೆ. ಬಿಟ್ಟರೆ ದಿನಗಟ್ಟಲೆ ಬಿಡುತ್ತದೆ. ಪುಣೆಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ ಹಾಗೆ, ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವಿಶಾಲ ಪ್ರದೇಶದ ಮೇಲೆ ಒಮ್ಮೆಗೇ ಬೀಳುವ ಅತಿ ಭಾರಿ ಮಳೆ ಮೂರು ಪಟ್ಟಾಗಿದೆ. ಅದಕ್ಕೆ ಬೇಕಾದ ತೇವ ಹೋಗುತ್ತಿರುವುದು ಅರಬ್ಬಿ ಸಮುದ್ರದಿಂದ. 2024ರ ಜುಲೈ 30ರಂದು ವಯನಾಡಿನ ಗುಡ್ಡ ಜಾರಿದಾಗ ಬಿದ್ದ ಮಳೆಯನ್ನು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಬಿಸಿಯಾದ ಹವೆಯಿಂದಾಗಿ ಆ ಮಳೆ ಸುಮಾರು 10 ಶೇಕಡಾ ಜೋರಾಗಿತ್ತು ಎಂದು ಅವರು ಹೇಳಿದರು.

ಒಂದು ಮಾತು ಇಲ್ಲಿ ಸೇರಿಸಬೇಕು. ಜಾರಿದ ಪ್ರತಿ ಗುಡ್ಡದ ತಪ್ಪನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದು, ನೀರು ಹೋಗಲು ದಾರಿ ಬಿಡದಿದ್ದರೆ, ಹಳೆಯ ಕಾಲದ ಮಳೆಗೂ ಅದು ಜಾರುತ್ತಿತ್ತು. ಭಾರಿ ಮಳೆ ಜಾಸ್ತಿಯಾಗುತ್ತಿರುವ ಕಾಲದಲ್ಲಿ ಹಾಗೆ ಕಡಿಯುವುದು ಇನ್ನೂ ದೊಡ್ಡ ತಪ್ಪು.

ಅಡಿಕೆಗೆ ಬರೋಣ. ನಿಮ್ಮಲ್ಲಿ ಜಾಸ್ತಿ ಜನ ಅದಕ್ಕೇ ಕಾಯುತ್ತಿದ್ದೀರಿ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ವಿವರವಾಗಿ ಬರೆದರು. ಅದಕ್ಕೂ ಮೊದಲಿನಿಂದ ಮಲೆನಾಡಿನವರು ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿ ಬೆಳೆ ಉಳಿಸಿಕೊಳ್ಳುತ್ತಿದ್ದರು. ಹಾಗಾಗಿ ಕಲ್ಲಿದ್ದಲಿನಿಂದ ಕೊಳೆರೋಗ ಬಂತು ಎಂದು ನಾನು ಹೇಳುವುದಿಲ್ಲ. ಆದರೆ ಈ ರೋಗದ ಜೊತೆ ನಾವು ಮಾಡಿಕೊಂಡಿದ್ದ ಒಪ್ಪಂದ ಮಳೆಯ ಲೆಕ್ಕದ ಮೇಲೆ ನಿಂತಿತ್ತು. ಔಷಧಿ ಎಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ ಹೊಡೆಯುವುದು, ಒಂದೂವರೆ ತಿಂಗಳಿಗೆ ಇನ್ನೊಂದು ಸಲ. ಆ ಎರಡನೇ ಸಲಕ್ಕೆ ಮಳೆ ಸ್ವಲ್ಪ ಹೊಳವು, ಅಂದರೆ ಬಿಡುವು, ಕೊಡಬೇಕು. ಕೊನೆಗಾರ ಮರ ಹತ್ತುವಷ್ಟು ಮರ ಒಣಗಬೇಕು, ಹೊಡೆದ ಔಷಧಿ ಕಾಯಿಗೆ ಹಿಡಿಯುವಷ್ಟು ಹೊತ್ತು ಮಳೆ ಬರಬಾರದು. ಆರಿದ್ರೆ ಮಳೆ ಕಳೆದು ಪುನರ್ವಸು, ಪುಷ್ಯ ಮಳೆಗಳ ನಡುವೆ ಎಲ್ಲೋ ಒಂದು ಹೊಳವು ಸಿಗುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಹಿರಿಯರು ಕೆಲಸ ಹಂಚಿಕೊಂಡಿದ್ದರು.

ಈಗ ಆ ಹೊಳವು ಯಾವಾಗ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಜೂನ್ ಪೂರ್ತಿ ಒಣಗಿ, ಜುಲೈಯಲ್ಲಿ ಹದಿನೈದು ದಿನ ಬಿಡದೆ ಹೊಯ್ದರೆ ಔಷಧಿ ಹೊಡೆಯುವುದು ಎಲ್ಲಿ? ತೋಟಕ್ಕೆ ಹೋಗಿ ನೋಡಿದರೆ ಮೊದಲು ಕಾಣುವುದು ತೊಟ್ಟಿನ ಹತ್ತಿರ ನೀರು ಹಿಡಿದಂಥ ಕಡು ಹಸಿರು ಕಲೆ. ಆಮೇಲೆ ಬುಡದಲ್ಲಿ ಉದುರಿದ ಕಾಯಿ. ಎರಡು ದಿನ ಬಿಟ್ಟು ಅದೇ ಕಾಯಿ ಎತ್ತಿದರೆ ಮೈಮೇಲೆ ಬಿಳಿ ಬೂಷ್ಟು. ಒಂದು ಕೊನೆಗೆ ಹಿಡಿದರೆ ಪಕ್ಕದ ಮರಕ್ಕೆ ಗಾಳಿಮಳೆಯೇ ಅದನ್ನು ಒಯ್ಯುತ್ತದೆ. ಇದರ ಮೇಲೆ ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆ ಎಲೆಚುಕ್ಕಿ ರೋಗ. ಹೇಗೋ ಉಳಿಸಿ ಕೊನೆ ಇಳಿಸಿ, ಸುಲಿದು, ಬೇಯಿಸಿ, ಬಣ್ಣಕ್ಕೆ ಚೊಗರು ಹಾಕಿ ಅಂಗಳದಲ್ಲಿ ಹರಡಿದಾಗ ನವೆಂಬರಿನಲ್ಲಿ ಮತ್ತೆ ಮಳೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿವೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ನಮ್ಮ ಅಂಗಳಕ್ಕೆ ಬರುವಾಗ ಆ ಸುದ್ದಿ ಬಣ್ಣಗೆಟ್ಟ ಅಡಿಕೆಯಾಗಿರುತ್ತದೆ, ಮಂಡಿಯಲ್ಲಿ ಕಡಿಮೆ ದರವಾಗಿರುತ್ತದೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ವರ್ಷವಿಡೀ ದುಡಿದವರಿಗೆ ಈ ನಷ್ಟ, ಕಲ್ಲಿದ್ದಲಿನ ಹೊಗೆಯಲ್ಲಿ ಅವರ ಪಾಲು ತೀರಾ ಸಣ್ಣದು.

ಈಗ ಮೊದಲು ಹೇಳಿದ್ದನ್ನೂ ಇದನ್ನೂ ಸೇರಿಸಿ ನೋಡಿ. ಹೊಗೆ ಜಾಸ್ತಿಯಾದರೆ ಮಳೆ ಲೆಕ್ಕ ತಪ್ಪುತ್ತದೆ. ಮಳೆ ಲೆಕ್ಕ ತಪ್ಪಿ ಜಲಾಶಯ ತುಂಬದಿದ್ದರೆ ಕಲ್ಲಿದ್ದಲು ಇನ್ನೂ ಜಾಸ್ತಿ ಉರಿಯುತ್ತದೆ. ಆ ಹೊಗೆ ಮತ್ತೆ ಮುಂದಿನ ಮಳೆಗೆ. ಮಲೆನಾಡು ಈ ಸುಳಿಯ ನಟ್ಟನಡುವೆ ಇದೆ. ನೀರಿನ ಕರೆಂಟಿನವರು ನಾವು, ನಮಗೇನು ಎಂದು ಕೈಕಟ್ಟಿ ಕೂರುವ ಹಾಗಿಲ್ಲ.

ರಾಯಚೂರು, ಬಳ್ಳಾರಿ ಕಡೆಯವರ ಪಾಡನ್ನೂ ಮರೆಯಬಾರದು. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿ. ಉರಿಸಿದ ಮೇಲೆ ಅದು ಎಲ್ಲಿಗಾದರೂ ಹೋಗಲೇಬೇಕಲ್ವಾ? ಹಾರುಬೂದಿ, ಗಂಧಕದ ಅನಿಲ, ಪಾದರಸ, ಶ್ವಾಸಕೋಶದ ಆಳಕ್ಕಿಳಿಯುವ ಸಣ್ಣ ಕಣ, ಇವೆಲ್ಲ ಸ್ಥಾವರದ ಸುತ್ತಲಿನ ಊರಿನವರ ಪಾಲು. ನಮ್ಮ ಮಿಕ್ಸಿ ತಿರುಗುವುದಕ್ಕೆ ಅವರು ಕೆಮ್ಮುತ್ತಾರೆ.

ಕಲ್ಲಿದ್ದಲನ್ನು ಬೈಯುವ ಭರದಲ್ಲಿ ಭದ್ರಾವತಿಯನ್ನು ಮರೆಯುವುದೂ ಬೇಡ. ಅಲ್ಲಿ 1918ರಲ್ಲಿ ಕಾರ್ಖಾನೆಯ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಬಂತು. ಅದಿರು ಕೆಮ್ಮಣ್ಣುಗುಂಡಿಯದು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ, ಹಾಗಾಗಿ ಕುಲುಮೆಗೆ ಹಾಕಿದ್ದು ಮರದ ಇದ್ದಿಲು. ಅದಕ್ಕೆ ಹೋದದ್ದು ಮಲೆನಾಡಿನ ಕಾಡು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರವನ್ನು ಬಟ್ಟಿ ಇಳಿಸುವ ಮಾತಿತ್ತು. ಜೋಗದ ಕರೆಂಟ್ ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು. ಮನುಷ್ಯರು ಕಲ್ಲಿದ್ದಲಿನ ಬೆನ್ನು ಹತ್ತಿದ್ದಕ್ಕೆ ಕಾರಣ ಇತ್ತು. ಕಾಡು ಬೆಳೆಯುವ ವೇಗಕ್ಕೆ ಕುಲುಮೆ ಕಾಯುತ್ತಿರಲಿಲ್ಲ. ಕಲ್ಲಿದ್ದಲು ಬಿಟ್ಟು ಮತ್ತೆ ಕಾಡಿಗೆ ಕೊಡಲಿ ಹಾಕಿದರೆ ನಾವು ಏನೂ ಕಲಿತ ಹಾಗಾಗುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಇದಕ್ಕೇ ತಗಲುವ ಪ್ರಶ್ನೆ ಕೇಳಿದಳು. "ಸಾರ್, ಬಚ್ಚಲೊಲೆಗೆ ಕಟ್ಟಿಗೆ ಉರಿಸಿದರೂ ಅದೇ ಅನಿಲ ತಾನೆ? ಗ್ಯಾಸಿಗಿಂತ ಅದು ಹೇಗೆ ಒಳ್ಳೆಯದು?"

ಅನಿಲ ಅದೇ, ನಿಜ. ಆದರೆ ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ಒಣ ಕಟ್ಟಿಗೆ ತಂದು, ಅಲ್ಲಿ ಮರ ಮತ್ತೆ ಚಿಗುರಲು ಬಿಟ್ಟರೆ, ಹೋದ ಇಂಗಾಲವನ್ನು ಹೊಸ ಮರ ಕೆಲವು ವರ್ಷಗಳಲ್ಲಿ ವಾಪಸ್ ಎಳೆದುಕೊಳ್ಳುತ್ತದೆ. ನೆಲದಡಿಯ ಇಂಗಾಲಕ್ಕೆ ಹಾಗೆ ವಾಪಸ್ ಹೋಗುವ ದಾರಿ ನಮ್ಮ ಜೀವಿತದಲ್ಲಿ ಇಲ್ಲ. ಅದರಲ್ಲಿ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಇರುತ್ತದೆ. ಹಾಗಂತ ಅಡುಗೆಮನೆಯ ಗ್ಯಾಸ್ ಬಿಟ್ಟು ಹೊಗೆಯಲ್ಲಿ ಕೂತು ಅಡುಗೆ ಮಾಡಿ ಎಂದು ನಾನು ಯಾವ ಹೆಣ್ಣುಮಗಳಿಗೂ ಹೇಳುವುದಿಲ್ಲ. ಆ ಹೊಗೆ ಎಷ್ಟು ಜನರ ಕಣ್ಣು, ಶ್ವಾಸಕೋಶ ತಿಂದಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ನಮ್ಮ ಕಡೆ ಎಷ್ಟೋ ಮನೆಗಳಿಗೆ ಬಂದದ್ದು ಕಡಿಮೆ ಕಟ್ಟಿಗೆ, ಹೊಗೆ ಚಿಮಣಿಯಿಂದ ಹೊರಗೆ ಎಂಬ ಕಾರಣಕ್ಕೆ. ಕೊಟ್ಟಿಗೆಯಲ್ಲಿ ದನ ಇರುವ ಮನೆಯಲ್ಲಿ ಗೋಬರ್ ಗ್ಯಾಸ್ ಇವತ್ತಿಗೂ ಒಳ್ಳೆಯದು. ಅದರ ಬಗ್ಗಡ ತೋಟಕ್ಕೆ ಹೋದರೆ ಯೂರಿಯಾ ಅಷ್ಟು ಕಡಿಮೆ ಸಾಕು. ಯೂರಿಯಾ ಮಾಡುವುದೂ ನೆಲದಡಿಯ ಗ್ಯಾಸಿನಿಂದಲೇ.

ಹಿರಿಯ ಬೆಳೆಗಾರರೊಬ್ಬರು ಎದ್ದು ಕೇಳಿದರು: "ಅಮೆರಿಕ, ಚೀನಾದವರು ಸುಮ್ನೆ ಉರಿಸ್ತಾ ಇರೋವಾಗ ನಾವು ಇಲ್ಲಿ ಬಲ್ಬ್ ಆರಿಸಿ ಏನು ಪ್ರಯೋಜನ ಮಾರಾಯ್ರೆ?"

ಅವರ ಸಿಟ್ಟು ನ್ಯಾಯವಾದದ್ದು. ಅಮೆರಿಕದಲ್ಲಿ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಕಾರ್ಬನ್ ಡೈಆಕ್ಸೈಡ್ ಬೀಳುತ್ತದೆ, ನಮ್ಮಲ್ಲಿ 2 ಟನ್. ಇಲ್ಲಿಯವರೆಗೆ ಸೇರಿದ ಒಟ್ಟು ಹೊಗೆಯಲ್ಲಿ ಕಾಲು ಭಾಗದಷ್ಟು ಅವರೊಬ್ಬರದೇ. ಹಾಗಾಗಿ ಹಣ, ತಂತ್ರಜ್ಞಾನ, ನಷ್ಟ ಪರಿಹಾರದ ವಿಷಯದಲ್ಲಿ ನಮ್ಮ ದೇಶ ಗಟ್ಟಿಯಾಗಿ ಕೇಳಬೇಕು, ಕೇಳುತ್ತಲೂ ಇದೆ. ಆದರೆ ಗಾಳಿ ಲಿಂಗನಮಕ್ಕಿಯ ಹಾಗೆ. ಒಳಹರಿವು ಸ್ವಲ್ಪ ಇಳಿದ ಮಾತ್ರಕ್ಕೆ ಮಟ್ಟ ಇಳಿಯುವುದಿಲ್ಲ. ಹೊರಹೋಗುವುದಕ್ಕಿಂತ ಒಳಬರುವುದು ಜಾಸ್ತಿ ಇರುವವರೆಗೆ ನೀರು ಏರುತ್ತಲೇ ಇರುತ್ತದೆ. ಈಗ ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಬಿಡುತ್ತಿದೆ. ಕಾಡು ಮತ್ತು ಸಮುದ್ರ ಸೇರಿ ಹೀರುವುದು ಹೆಚ್ಚುಕಡಿಮೆ ಅರ್ಧ. ಮಟ್ಟ ಏರಿದಷ್ಟೂ ಮೊದಲು ಪೆಟ್ಟು ತಿನ್ನುವುದು ಮಳೆ ನಂಬಿದವರು, ಅಂದರೆ ನಾವು. ಹಾಗಾಗಿ ಇನ್ನೊಬ್ಬರು ಮಾಡಲಿ ಎಂದು ಕಾಯುವುದು ನಮಗೇ ನಷ್ಟ.

ಪಂಪ್ಡ್ ಸ್ಟೋರೇಜ್ ಬಗ್ಗೆಯೂ ಕೇಳಿದರು. ಕೇಳದೆ ಬಿಡುತ್ತಾರೆಯೇ? ಶರಾವತಿಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಯೋಜನೆ ಅದು. ಕರೆಂಟ್ ಹೆಚ್ಚಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲೆತ್ತುವುದು, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಬಿಸಿಲಿನ ಕರೆಂಟನ್ನು ರಾತ್ರಿಗೆ ಇಟ್ಟುಕೊಳ್ಳಲು ಏನಾದರೂ ವ್ಯವಸ್ಥೆ ಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ಎತ್ತಲು ಖರ್ಚಾದ ನೂರು ಯೂನಿಟ್ಟಿಗೆ ವಾಪಸ್ ಸಿಗುವುದು ಎಪ್ಪತ್ತೈದು, ಎಂಬತ್ತು ಮಾತ್ರ. ಜಾಗವೋ ಸಿಂಗಳೀಕಗಳ ಅಭಯಾರಣ್ಯ. ಇಂಗಾಲ ಹಿಡಿದಿಟ್ಟುಕೊಂಡು, ಮಳೆ ನೀರನ್ನು ಇಂಗಿಸಿ ನದಿಗೆ ಬಿಡುವ ಕಾಡನ್ನು ಕಡಿದು ಹವಾಮಾನ ಕಾಪಾಡುತ್ತೇವೆ ಎನ್ನುವುದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ. ಬ್ಯಾಟರಿ ಇದೆ, ಕಾಡಿಲ್ಲದ ಜಾಗಗಳಿವೆ. ಈ ಕಣಿವೆ ಈಗಾಗಲೇ ಎರಡು ಸಲ ಮುಳುಗಿದೆ, ಹಳೆಯ ಹಿರೇಭಾಸ್ಕರ ಅಣೆಕಟ್ಟಿಗೆ ಒಮ್ಮೆ, ಲಿಂಗನಮಕ್ಕಿಗೆ ಇನ್ನೊಮ್ಮೆ. ಮೂರನೇ ಸಲ ಕೇಳುವ ಮೊದಲು ಬೇರೆ ದಾರಿ ಎಲ್ಲ ನೋಡಿದ್ದೇವೆ ಎಂದು ಸರ್ಕಾರ ಈ ಊರಿನ ಜನರ ಮುಂದೆ ತೋರಿಸಬೇಕು.

ಕೊನೆಗೆ, ಇಲ್ಲಿಂದಲೇ ಆಗುವ ಕೆಲಸ. ಮಲೆನಾಡಿನಲ್ಲಿ ಸೋಲಾರ್ ನಡೆಯುವುದಿಲ್ಲ ಎಂದು ತುಂಬಾ ಜನ ಹೇಳುತ್ತಾರೆ. ಮಳೆಗಾಲದ ನಾಲ್ಕು ತಿಂಗಳಿಗೆ ಆ ಮಾತು ನಿಜ. ಆದರೆ ಆಗ ನದಿಯಲ್ಲಿ ನೀರಿರುತ್ತದೆ. ನೀರು ಇಳಿದು ಪಂಪ್‌ಸೆಟ್ ಹಾಕುವುದು ಜನವರಿಯಿಂದ ಮೇ. ಬಿಸಿಲು ಸುಡುವುದೂ ಅದೇ ತಿಂಗಳುಗಳಲ್ಲಿ. ಹಗಲು ಬಿಸಿಲಿನ ಕರೆಂಟಿನಲ್ಲಿ ತೋಟಕ್ಕೆ ನೀರು ಬಿಟ್ಟರೆ ಅಷ್ಟು ಲಿಂಗನಮಕ್ಕಿಯ ನೀರು ರಾತ್ರಿಗೆ ಉಳಿಯುತ್ತದೆ, ಅಷ್ಟು ಕಲ್ಲಿದ್ದಲು ನೆಲದಲ್ಲೇ ಉಳಿಯುತ್ತದೆ. 2024ರಲ್ಲಿ ಬಂದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮನೆ ಚಾವಣಿಗೆ 78 ಸಾವಿರ ರೂಪಾಯಿ ಸಹಾಯಧನ ಇದೆ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಮಾಡಿಕೊಂಡವರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ. ಅಕಾಲ ಮಳೆಗೆ ಅವರ ಅಡಿಕೆ ನೆನೆಯಲಿಲ್ಲ, ಕಟ್ಟಿಗೆಯೂ ಉಳಿಯಿತು. ಸಣ್ಣ ಹಿಡುವಳಿಯವರು ನಾಲ್ಕೈದು ಮನೆ ಸೇರಿ ಒಂದು ಗೂಡು ಮಾಡಿಕೊಳ್ಳಬಹುದು. ಸಹಕಾರ ಸಂಘದ ಮುಂದಿನ ಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಹಾಕಿಸಿ. ತೋಟಗಳ ಫೀಡರಿಗೆ ಬೇಸಿಗೆಯಲ್ಲಿ ಹಗಲು ಹೊತ್ತೇ ತ್ರೀಫೇಸ್ ಕೊಡಿ ಎಂಬ ಮನವಿಯನ್ನೂ ಅದೇ ಸಭೆಯಿಂದ ಕಳಿಸಿ, ಈ ಬೇಸಿಗೆ ಶುರುವಾಗುವ ಮೊದಲೇ.